ನಿಂತ ಸಮಯದ ಲೆಕ್ಕ: ಮೊದಲ ಮೌಂಟನ್ ಬೈಕ್ ಮ್ಯಾರಥಾನ್‌ಗೆ ತಯಾರಿ

(ಬೆಂಗಳೂರಿನ ಹವ್ಯಾಸಿ ಸೈಕಲ್ ಸವಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಒಂದು ಲೆಕ್ಕ ಹಾಕೋಣ. ನೀವು ಹೆಸರು ಕೊಟ್ಟಿರುವ ರೇಸು 60 ಕಿಲೋಮೀಟರಿನದು ಅಂತಿಟ್ಟುಕೊಳ್ಳಿ. ಗಂಟೆಗೆ 12 ಕಿ.ಮೀ. ಸರಾಸರಿಯಲ್ಲಿ ಹೋದರೆ ಐದು ಗಂಟೆ ಬೇಕು. ಮೂರು ತಿಂಗಳು ಬೆವರು ಸುರಿಸಿ ಆ ಸರಾಸರಿಯನ್ನು 12.5ಕ್ಕೆ ಏರಿಸಿದಿರಿ ಅನ್ನಿ. ಉಳಿಯುವುದು ಬರೀ 12 ನಿಮಿಷ. ಈಗ ಖರ್ಚಿನ ಕಡೆ ನೋಡಿ. ಒಂದು ಪಂಕ್ಚರ್, ಪಂಪು ಬ್ಯಾಗಿನ ತಳದಲ್ಲಿ, ಟೈರ್ ಬಿಚ್ಚುವ ಲಿವರ್ ಮನೆಯಲ್ಲಿ: 20 ನಿಮಿಷ ಹೋಯಿತು. ನೀರು, ಬಾಳೆಹಣ್ಣು ಕೊಡುವ ನಾಲ್ಕು ಜಾಗದಲ್ಲಿ ಇಳಿದು, ಮಾತಾಡಿ, ಫೋಟೋ ತೆಗೆಸಿಕೊಂಡು ತಲಾ ಏಳು ನಿಮಿಷದಂತೆ 28. ಮೀನಖಂಡ ಹಿಡಿದುಕೊಂಡು ದಾರಿ ಪಕ್ಕ ಕಾಲು ಚಾಚಿ ಕೂತದ್ದು 15. ಒಟ್ಟು ಒಂದು ಗಂಟೆ ಮೂರು ನಿಮಿಷ, ಅದೂ ಒಂದು ಅಡಿಯೂ ಮುಂದೆ ಹೋಗದೆ.

ಮೊದಲ ರೇಸಿನಲ್ಲಿ ಕೈಬಿಡುವವರು ಕಾಲಲ್ಲಿ ಶಕ್ತಿ ಇಲ್ಲದೆ ಕೈಬಿಡುವುದು ಕಡಿಮೆ. ಹೊಟ್ಟೆ, ಟೈರು, ಮೊದಲ ಅರ್ಧ ಗಂಟೆಯ ಆತುರ, ಈ ಮೂರರಲ್ಲಿ ಒಂದು ಕೆಡವುತ್ತದೆ. ಹಾಗಾಗಿ ಇವತ್ತು ಎಷ್ಟು ಜೋರಾಗಿ ತುಳಿಯಬೇಕು ಅನ್ನುವುದಕ್ಕಿಂತ ನಿಲ್ಲದೆ ಇರುವುದು ಹೇಗೆ ಅನ್ನುವುದರ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ.

ಯಾವ ರೇಸು ಅನ್ನುವುದನ್ನು ಬೇಗ ಮುಗಿಸಿಬಿಡೋಣ. ಒಲಿಂಪಿಕ್ಸ್‌ನಲ್ಲಿ ನೋಡುವ ಕ್ರಾಸ್‌ಕಂಟ್ರಿ ಸುಮಾರು ಒಂದೂವರೆ ಗಂಟೆಯ ಆಟ, ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುವುದು. ಮ್ಯಾರಥಾನ್ ಬೇರೆ ಜಾತಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲಿ ಅದು 60ರಿಂದ 160 ಕಿ.ಮೀ. ಅಮೆರಿಕದ ಕೊಲೊರಾಡೋದಲ್ಲಿ 1994ರಿಂದ ನಡೆಯುತ್ತಿರುವ ಲೆಡ್‌ವಿಲ್ 100 ಮೈಲಿಯದು, ಹೊರಡುವ ಊರೇ ಮೂರು ಸಾವಿರ ಮೀಟರ್ ಎತ್ತರದಲ್ಲಿದೆ. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ ಎಂಟು ದಿನದ್ದು, ಇಬ್ಬಿಬ್ಬರ ಜೋಡಿ. ಅವೆಲ್ಲ ಕನಸಿನ ಪಟ್ಟಿಯಲ್ಲಿರಲಿ. ಮೊದಲ ಸಲಕ್ಕೆ ಒಂದೇ ದಿನದ, 40ರಿಂದ 60 ಕಿ.ಮೀ. ರೇಸು ಸಾಕು.

ಆದರೆ ದೂರ ನೋಡಿ ರೇಸನ್ನು ಅಳೆಯಬೇಡಿ. ಆಯೋಜಕರು ಕೊಡುವ ನಕ್ಷೆಯಲ್ಲಿ ಒಟ್ಟು ಏರು ಎಷ್ಟು ಮೀಟರ್ ಅಂತ ನೋಡಿ. ಸಾಧಾರಣ ತಯಾರಿಯ ಹೊಸಬರು ಮಣ್ಣುದಾರಿಯಲ್ಲಿ ಗಂಟೆಗೆ 400ರಿಂದ 500 ಮೀಟರ್ ಎತ್ತರ ಏರುತ್ತಾರೆ. 50 ಕಿ.ಮೀ., 1500 ಮೀಟರ್ ಏರು ಅಂದರೆ, ಗಂಟೆಗೆ 450ರ ಲೆಕ್ಕದಲ್ಲಿ, ಏರುವುದಕ್ಕೇ ಮೂರು ಗಂಟೆ 20 ನಿಮಿಷ. ಏರು ಅರ್ಧ ದಾರಿ ಅಂತಿಟ್ಟುಕೊಂಡು, ಉಳಿದ 25 ಕಿ.ಮೀ. ಇಳಿಜಾರು, ಬಯಲನ್ನು ಗಂಟೆಗೆ 18ರಂತೆ ಓಡಿಸಿದರೆ ಇನ್ನೊಂದು ಗಂಟೆ 25 ನಿಮಿಷ. ಅಲ್ಲಿಗೆ ನಾಲ್ಕೂಮುಕ್ಕಾಲು ಗಂಟೆ, ನಿಂತ ಸಮಯ ಬಿಟ್ಟು. ಈಗ ಕಟ್‌ಆಫ್, ಅಂದರೆ ರೇಸು ಮುಗಿಸಲು ಕೊಟ್ಟ ಗಡುವು, ಎಷ್ಟು ಅಂತ ನೋಡಿ. ಐದೂವರೆ ಗಂಟೆ ಅಂತಿದ್ದರೆ ನಿಮ್ಮ ಕೈಯಲ್ಲಿರುವುದು 45 ನಿಮಿಷ. ಮಧ್ಯದ ಕಟ್‌ಆಫ್‌ಗಳನ್ನೂ ನೋಡಿ, ಅಂತಿಮಕ್ಕಿಂತ ಅವೇ ಬಿಗಿಯಾಗಿರುತ್ತವೆ. ಆ ಸಮಯಗಳನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ನ ಮಧ್ಯಕ್ಕೆ ಪಾರದರ್ಶಕ ಟೇಪಿನಲ್ಲಿ ಅಂಟಿಸಿ. ನಾಲ್ಕನೇ ಗಂಟೆಯಲ್ಲಿ ತಲೆಗೆ ಕೂಡು-ಕಳೆ ಹತ್ತುವುದಿಲ್ಲ.

ಅಭ್ಯಾಸಕ್ಕೆ ಬರೋಣ. ಆಫೀಸಿಗೆ ಹೋಗುವವರಿಗೆ ವಾರಕ್ಕೆ ಮೂರು ದಿನ ಸಿಗುತ್ತದೆ ಅಂತಿಟ್ಟುಕೊಂಡೇ ಹೇಳುತ್ತೇನೆ. 12 ವಾರ ಬೇಕು. ಮಂಗಳವಾರ, ಗುರುವಾರ ಬೆಳಿಗ್ಗೆ ಒಂದೊಂದು ಗಂಟೆ, ಭಾನುವಾರ ಉದ್ದದ ಸವಾರಿ. ಭಾನುವಾರದ್ದು ಎರಡು ಗಂಟೆಯಿಂದ ಶುರುವಾಗಿ ವಾರಕ್ಕೆ 15–20 ನಿಮಿಷ ಬೆಳೆಯುತ್ತಾ ಹೋಗಲಿ, ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಯಲಿ. ನಾಲ್ಕು ಗಂಟೆ ಮುಟ್ಟಿದರೆ ಐದು ಗಂಟೆಯ ರೇಸಿಗೆ ಸಾಕು. ಇಡೀ ರೇಸನ್ನು ಮೊದಲೇ ಒಮ್ಮೆ ಮಾಡಿ ನೋಡುವ ಚಪಲ ಬೇಡ.

ಮಂಗಳವಾರದ ಗಂಟೆಯಲ್ಲಿ ಏರು. ಹತ್ತು ನಿಮಿಷದ ಏರನ್ನು ಮೂರು ಸಲ, ಮಧ್ಯೆ ಐದು ನಿಮಿಷ ಬಿಡುವು. ತುಳಿಯುವಾಗ ಮೂರು-ನಾಲ್ಕು ಮಾತು ಆಡಲು ಆಗಬೇಕು, ಪೂರ್ತಿ ವಾಕ್ಯ ಆಗಬಾರದು. ನಮ್ಮ ಊರಲ್ಲಿ ಅಷ್ಟುದ್ದದ ಏರು ಸಿಗುವುದಿಲ್ಲ ಅನ್ನುತ್ತೀರಿ, ನಿಜ. ಫ್ಲೈಓವರ್ ಲೆಕ್ಕಕ್ಕಿಲ್ಲ. ಎದುರು ಗಾಳಿ ಇರುವ ಕೆರೆ ಏರಿಯ ಮೇಲೆ ದೊಡ್ಡ ಗೇರಿನಲ್ಲಿ ನಿಧಾನವಾಗಿ ತುಳಿದರೆ ಮುಕ್ಕಾಲು ಕೆಲಸ ಆಗುತ್ತದೆ. ತಿಂಗಳಿಗೆ ಒಂದೆರಡು ಸಲ ನಂದಿ ಬೆಟ್ಟ ಸೇರಿಸಿಕೊಳ್ಳಿ. ಬುಡದಿಂದ ಏಳೆಂಟು ಕಿ.ಮೀ., 400 ಮೀಟರ್ ಆಸುಪಾಸಿನ ಏರು. ಭಾನುವಾರ ಸೂರ್ಯೋದಯ ನೋಡುವವರ ಕಾರಿನ ಸಾಲಿನಲ್ಲಿ ಹೊಗೆ ಕುಡಿಯುವುದಕ್ಕಿಂತ ಒಂದು ವಾರದ ದಿನ ರಜೆ ಹಾಕಿ ಎರಡು ಸಲ ಹತ್ತಿ ಇಳಿಯುವುದು ಲಾಭ.

ಒಂದು ಎಚ್ಚರಿಕೆ ಇದೆ. ನಂದಿ ಟಾರು ರಸ್ತೆ. ಕಾಲು, ಎದೆ ತಯಾರಾಗುತ್ತವೆ. ಮುಂಗೈ, ಹೆಗಲು, ಸೊಂಟ ಆಗುವುದಿಲ್ಲ. ಮೌಂಟನ್ ಬೈಕ್ ರೇಸಿನಲ್ಲಿ ಮೂರನೇ ಗಂಟೆಗೆ ಮೊದಲು ಸೋಲುವುದು ಸೊಂಟ. ತುರಹಳ್ಳಿಯ ಬಂಡೆಗಳ ನಡುವೆಯೋ ಯಲಹಂಕದಾಚೆಯ ಆವಲಹಳ್ಳಿಯ ನೀಲಗಿರಿ ತೋಪುಗಳಲ್ಲೋ ಒಂದು ಗಂಟೆ ತುಳಿದರೆ ಟಾರಿನ ಒಂದೂವರೆ ಗಂಟೆಗೆ ಸಮ. ಇವೆಲ್ಲ ಅರಣ್ಯ ಇಲಾಖೆಯ ಜಾಗ, ಒಳಗೆ ಬಿಡುವ ನಿಯಮ ಬದಲಾಗುತ್ತಿರುತ್ತದೆ. ವಿಚಾರಿಸಿ ಹೋಗಿ, ಬೇಲಿ ಹಾರಿ ಹೋಗಬೇಡಿ. ಅಂದ ಹಾಗೆ, ನಸುಕಿನಲ್ಲಿ ಹಳ್ಳಿ ದಾರಿಯ ನಾಯಿಗಳ ಬಗ್ಗೆ ಯಾರೋ ಚೀಟಿ ಕಳಿಸಿದ್ದೀರಿ. ವೇಗ ಹೆಚ್ಚಿಸಿ ಓಡಬೇಡಿ, ಅವು ಅಟ್ಟುವುದೇ ಓಡುವುದನ್ನು. ಇಳಿದು, ನಾಯಿಗೂ ನಿಮಗೂ ಮಧ್ಯೆ ಸೈಕಲ್ ಇಟ್ಟುಕೊಂಡು, ಗದರುತ್ತಾ ನಡೆದು ದಾಟಿ.

ಇನ್ನು ಟೈರು. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕಡೆಯ ಶತ್ರು ಕಲ್ಲಲ್ಲ, ಜಾಲಿ ಮುಳ್ಳು. ಬೇಲಿಗೆ ಹಾಕಿದ ಬಳ್ಳಾರಿ ಜಾಲಿಯ ಒಣಗಿದ ಕಡ್ಡಿ ದಾರಿಗೆ ಬಿದ್ದಿರುತ್ತದೆ, ಒಂದೇ ಕಡ್ಡಿಯಲ್ಲಿ ನಾಲ್ಕು ತೂತು. ಟ್ಯೂಬ್ ಹಾಕಿಕೊಂಡು ಹೋದರೆ ರೇಸಿನ ಅರ್ಧ ದಿನ ಪಂಕ್ಚರ್ ಅಂಗಡಿಯೇ. ರಿಮ್ಮು, ಟೈರು ಎರಡೂ ಒಪ್ಪುವುದಾದರೆ ಟ್ಯೂಬ್‌ಲೆಸ್ ಮಾಡಿಸಿ. 29 ಇಂಚಿನ, 2.25 ಅಗಲದ ಟೈರಿಗೆ 100 ಮಿ.ಲೀ. ಆಸುಪಾಸು ಸೀಲೆಂಟ್, ಅಂದರೆ ತೂತನ್ನು ಒಳಗಿನಿಂದ ಮುಚ್ಚುವ ದ್ರವ, ಬೇಕು. ಅಂಗಡಿಯವರು 60 ಹಾಕಿ ಕಳಿಸುತ್ತಾರೆ, ಅಳೆದು ಹಾಕಿಸಿ. ನಮ್ಮ ಬಿಸಿಲಿಗೆ ಅದು ಎರಡು-ಮೂರು ತಿಂಗಳಲ್ಲಿ ಒಣಗಿ ರಬ್ಬರ್ ಉಂಡೆಯಾಗುತ್ತದೆ. ಚಕ್ರ ಬಿಚ್ಚಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ದ್ರವ ಕುಲುಕುವ ಸದ್ದು ಬರಲಿಲ್ಲ ಅಂದರೆ ಒಳಗೆ ಏನೂ ಉಳಿದಿಲ್ಲ. ರೇಸಿಗೆ ಒಂದು ವಾರ ಮುಂಚೆ 50–60 ಮಿ.ಲೀ. ಹೊಸದಾಗಿ ಸೇರಿಸಿ.

ಗಾಳಿ ಎಷ್ಟು? 70 ಕಿಲೋ ತೂಗುವವರಿಗೆ ಟ್ಯೂಬ್‌ಲೆಸ್‌ನಲ್ಲಿ ಮುಂದೆ 22, ಹಿಂದೆ 24 ಪಿಎಸ್‌ಐಯಿಂದ ಶುರುಮಾಡಿ. ಟ್ಯೂಬ್ ಇದ್ದರೆ 30ಕ್ಕಿಂತ ಕೆಳಗೆ ಬೇಡ, ಕಲ್ಲಿಗೆ ಬಡಿದು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಬಂಡೆಯ ಅಂಚಿಗೆ ರಿಮ್ಮು ಠಕ್ ಅಂತ ತಾಗುವ ಸದ್ದು ಬಂದರೆ ಎರಡು ಪಿಎಸ್‌ಐ ಏರಿಸಿ. ಹರಳುಗಲ್ಲಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಒಂದು ಇಳಿಸಿ. ಪೆಟ್ರೋಲ್ ಬಂಕಿನ ಗಾಳಿ, ಹೆಬ್ಬೆಟ್ಟಿನ ಅಂದಾಜು ಎರಡೂ ಬೇಡ, ಚಿಕ್ಕ ಡಿಜಿಟಲ್ ಗೇಜ್ ತಗೊಳ್ಳಿ.

ಹಿಮಾಲಯದ ಕಡೆ ರೇಸಿಗೆ ಹೋಗುವವರು ಇಬ್ಬರು ಮೂವರು ಇದ್ದೀರಿ, ಅವರಿಗಾಗಿ ಒಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. 3500 ಮೀಟರಿಗೆ ಹೋದಾಗ ಹೊರಗಿನ ವಾಯುಭಾರ ಇಳಿಯುವುದರಿಂದ ಇಲ್ಲಿ ತುಂಬಿದ ಗಾಳಿ ಅಲ್ಲಿ ಮೂರೂವರೆ ಪಿಎಸ್‌ಐನಷ್ಟು ಹೆಚ್ಚು ತೋರುತ್ತದೆ. ಬೆಳಗಿನ ಚಳಿ ಅದರಲ್ಲಿ ಒಂದೆರಡನ್ನು ವಾಪಸ್ ತಿನ್ನುತ್ತದೆ. ಲೆಕ್ಕ ಹಾಕುತ್ತಾ ಕೂರಬೇಡಿ, ಹೊರಡುವ ಜಾಗದಲ್ಲಿ ಬೆಳಿಗ್ಗೆ ಗೇಜ್ ಇಟ್ಟು ನೋಡಿ. ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರ್‌ಗಳಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಬೇಕು. ಅದರ ತಲೆನೋವು ಬೇಡ ಅಂದರೆ ಕೈಪಂಪು ಒಯ್ಯಿರಿ.

ಮುಳ್ಳು ಚುಚ್ಚಿತು, ಸುಯ್ ಅಂತ ಸದ್ದು, ಬಿಳಿ ಸೀಲೆಂಟ್ ಕಾಲಿಗೆ ಚಿಮ್ಮುತ್ತಿದೆ. ಏನು ಮಾಡುತ್ತೀರಿ? ಮುಳ್ಳು ಕೀಳಬೇಡಿ. ಚಕ್ರ ತಿರುಗಿಸಿ ತೂತನ್ನು ನೆಲದ ಕಡೆಗೆ ತನ್ನಿ, ಸೀಲೆಂಟ್ ಅಲ್ಲಿಗೆ ಇಳಿದು ನಿಲ್ಲಲಿ. 20–30 ಸೆಕೆಂಡಿಗೆ ಸದ್ದು ನಿಂತರೆ ಹೊರಟುಬಿಡಿ. ನಿಲ್ಲಲಿಲ್ಲ ಅಂದರೆ ಪ್ಲಗ್ ತೆಗೆಯಿರಿ: ಅಂಟಂಟು ರಬ್ಬರ್ ಪಟ್ಟಿಯನ್ನು ಸೂಜಿಯ ಕಣ್ಣಿನಲ್ಲಿ ಅರ್ಧಕ್ಕೆ ಪೋಣಿಸಿ ಕೈಯಲ್ಲಿ ತಯಾರಿಟ್ಟುಕೊಂಡ ಮೇಲೆ ಮುಳ್ಳು ಕಿತ್ತು, ತಕ್ಷಣ ಸೂಜಿ ಒತ್ತಿ. ಪಟ್ಟಿಯ ಎರಡು ತುದಿ ಒಂದೊಂದು ಸೆಂಟಿಮೀಟರ್ ಹೊರಗುಳಿಯುವಷ್ಟು ಒಳಗೆ ಹೋಗಲಿ. ಸೂಜಿಯನ್ನು ಒಂದೇ ಸಲಕ್ಕೆ ಜಗ್ಗಿ ತೆಗೆಯಿರಿ, ಪಟ್ಟಿ ಅಲ್ಲೇ ಉಳಿಯುತ್ತದೆ. ಬಾಲ ಕತ್ತರಿಸುವ ಅಲಂಕಾರ ಬೇಡ. ಗಾಳಿ ತುಂಬಿ ಹೊರಡಿ. ಅಭ್ಯಾಸ ಇದ್ದವರಿಗೆ ಮೂರು ನಿಮಿಷದ ಕೆಲಸ. ಪ್ಲಗ್ ಕಿಟ್ ಬ್ಯಾಗಿನ ಒಳಗಲ್ಲ, ಜೆರ್ಸಿಯ ಹಿಂಜೇಬಿನಲ್ಲಿರಬೇಕು.

ಟೈರಿನ ಪಕ್ಕೆಯೇ ಹರಿದರೆ ಟ್ಯೂಬ್ ಹಾಕಲೇಬೇಕು. ಇಲ್ಲಿ ಇಬ್ಬರಲ್ಲಿ ಒಬ್ಬರು ಸಿಕ್ಕಿಬೀಳುತ್ತಾರೆ. ತಿಂಗಳುಗಟ್ಟಲೆ ಟ್ಯೂಬ್‌ಲೆಸ್ ಓಡಿಸಿದ ಟೈರಿನೊಳಗೆ ನಿಮಗೆ ಗೊತ್ತೇ ಇಲ್ಲದ ಮುಳ್ಳಿನ ತುದಿಗಳು ಚುಚ್ಚಿಕೊಂಡೇ ಇರುತ್ತವೆ, ಸೀಲೆಂಟ್ ಅವುಗಳನ್ನು ಮುಚ್ಚಿಟ್ಟಿರುತ್ತದೆ. ಹೊಸ ಟ್ಯೂಬ್ ಹಾಕಿದ ಐದೇ ನಿಮಿಷಕ್ಕೆ ಅದೂ ಪಂಕ್ಚರ್. ಹಾಗಾಗಿ ಬಟ್ಟೆ ಸುತ್ತಿದ ಬೆರಳಿನಿಂದ ಟೈರಿನ ಒಳಗೆ ಸುತ್ತಲೂ ಸವರಿ, ಸಿಕ್ಕ ಮುಳ್ಳನ್ನೆಲ್ಲ ಮುರಿದು ತೆಗೆಯಿರಿ. ಇನ್ನೊಂದು, ಟ್ಯೂಬ್‌ಲೆಸ್ ವಾಲ್ವಿನ ಬುಡದ ನಟ್ಟನ್ನು ಮನೆಯಲ್ಲಿ ಇಕ್ಕಳ ಹಾಕಿ ಬಿಗಿದಿದ್ದರೆ ಕಾಡಿನಲ್ಲಿ ಅದನ್ನು ಬಿಚ್ಚುವುದು ನಿಮ್ಮಪ್ಪನಾಣೆ ಆಗುವುದಿಲ್ಲ. ಬೆರಳಲ್ಲಿ ಬಿಗಿದರೆ ಸಾಕು.

ಚೈನು ಮುರಿಯುವುದು ಬಹುಪಾಲು ಒಂದೇ ಕಾರಣಕ್ಕೆ: ಕಡಿದಾದ ಏರಿನ ಮಧ್ಯಕ್ಕೆ ಬಂದ ಮೇಲೆ, ಪೂರ್ತಿ ಭಾರ ಹಾಕಿ ತುಳಿಯುತ್ತಲೇ ಗೇರು ಇಳಿಸುವುದು. ಏರು ಶುರುವಾಗುವ ಮೊದಲೇ ಬದಲಿಸಿ. ಚೈನ್ ಸವೆತ ಅಳೆಯುವ ಪಟ್ಟಿಯಲ್ಲಿ 0.5 ತೋರಿಸಿದರೆ 11, 12 ಸ್ಪೀಡಿನ (ಹಿಂದೆ ಅಷ್ಟು ಗೇರಿರುವ) ಚೈನನ್ನು ಬದಲಿಸಿಬಿಡಿ, ಇಲ್ಲವಾದರೆ ಕ್ಯಾಸೆಟ್ಟನ್ನೂ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪನ್ನೂ) ತಿನ್ನುತ್ತದೆ. ಆದರೆ ರೇಸಿನ ಹಿಂದಿನ ದಿನ ಬೇಡ, ಹತ್ತು ದಿನ ಮುಂಚೆ. ಚೈನ್ ಟೂಲ್, ಮುರಿದ ಚೈನನ್ನು ಕೂಡಿಸುವ ಎರಡು ಕ್ವಿಕ್ ಲಿಂಕ್ ಒಯ್ಯಿರಿ. ಲಿಂಕ್ ನಿಮ್ಮ ಸ್ಪೀಡಿನದೇ ಇರಲಿ, 11ರದ್ದು 12ಕ್ಕೆ ಬಾರದು. ಹಾಳಾದ ಕೊಂಡಿ ತೆಗೆದು ಲಿಂಕ್ ಸಿಕ್ಕಿಸಿ, ಅದನ್ನು ಚೈನಿನ ಮೇಲ್ಭಾಗಕ್ಕೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಮೇಲೆ ಒಮ್ಮೆ ಬಲವಾಗಿ ತುಳಿಯಿರಿ, ಟಕ್ ಅಂತ ಕೂರುತ್ತದೆ. ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರು ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿಸುವ ತುಂಡು, ಒಂದು ಹೆಚ್ಚಿಗೆ ಇರಲಿ. ಅದು ಪ್ರತಿ ಮಾಡೆಲಿಗೂ ಬೇರೆ ಬೇರೆ, ಪಕ್ಕದವರಿಂದ ಸಾಲ ಸಿಗುವುದಿಲ್ಲ. ಬ್ರೇಕ್ ಪ್ಯಾಡಿನ ಮಸಾಲೆ (ಡಿಸ್ಕಿಗೆ ಉಜ್ಜುವ ಪದರ) ಒಂದು ಮಿಲಿಮೀಟರಿಗೆ ಬಂದಿದ್ದರೆ ಹೊಸದು ಹಾಕಿ, ಇಳಿಜಾರಿನಲ್ಲಿ ಹತ್ತಿಪ್ಪತ್ತು ಸಲ ಹಿಡಿದು ಬಿಟ್ಟು ಪಳಗಿಸಿ. ಸೈಕಲಿನ ವಿಷಯ ಇಷ್ಟು ಸಾಕು. ಕಾರ್ಬನ್ ಫ್ರೇಮ್ ಬೇಕೇ ಅನ್ನುವ ಪ್ರಶ್ನೆಗೆ ಉತ್ತರ: ಬೇಡ. ಆ ದುಡ್ಡಲ್ಲಿ ಒಳ್ಳೆಯ ಟೈರು, ಹಿಂದೆ 50 ಹಲ್ಲಿನ ಕ್ಯಾಸೆಟ್ ಹಾಕಿಸಿ.

ಈಗ ಹೊಟ್ಟೆ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಒಂದೂವರೆ ಎರಡು ಗಂಟೆಯ ಗಟ್ಟಿ ಶ್ರಮಕ್ಕೆ ಬರುತ್ತದೆ. ಆಮೇಲೆ ತಿಂದದ್ದೇ ಓಡಿಸಬೇಕು. ಹೊಸಬರ ಗುರಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್. ಪಳಗಿದವರು 90ರವರೆಗೂ ಹೋಗುತ್ತಾರೆ, ಆದರೆ ಹೊಟ್ಟೆಯನ್ನೂ ಕಾಲಿನ ಹಾಗೆಯೇ ವಾರಗಟ್ಟಲೆ ಪಳಗಿಸಬೇಕು. ಭಾನುವಾರದ ಸವಾರಿಗಳಲ್ಲಿ 30ರಿಂದ ಶುರುಮಾಡಿ ಏರಿಸಿ.

ಸವಾರಿಯಲ್ಲಿ ಹೀರುವ ಸಿಹಿ ಜೆಲ್ ಪೊಟ್ಟಣ ಕೊಳ್ಳಲೇಬೇಕೆಂದಿಲ್ಲ. 750 ಮಿ.ಲೀ. ಬಾಟಲಿಗೆ ನಾಲ್ಕು ದೊಡ್ಡ ಚಮಚ ಸಕ್ಕರೆ ಅಂದರೆ 48–50 ಗ್ರಾಂ, ಒಂದು ಗ್ರಾಂ ಉಪ್ಪು, ಅರ್ಧ ನಿಂಬೆಹಣ್ಣು. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅರ್ಧರ್ಧ ಇರುವುದರಿಂದ ಕರುಳು ಎರಡನ್ನೂ ಬೇರೆ ಬೇರೆ ಬಾಗಿಲಿನಿಂದ ಒಳಗೆ ತಗೊಳ್ಳುತ್ತದೆ. ಆ ಒಂದು ಗ್ರಾಂ ಉಪ್ಪಿನಿಂದ 390 ಮಿ.ಗ್ರಾಂ ಸೋಡಿಯಂ ಸಿಗುತ್ತದೆ. ಗಂಟೆಗೆ ಈ ಒಂದು ಬಾಟಲಿ, ಜೊತೆಗೆ ಒಂದು ಏಲಕ್ಕಿ ಬಾಳೆಹಣ್ಣು, ಗುರಿ ಮುಟ್ಟಿತು. ಸಿಹಿಗೆ ಓಕರಿಕೆ ಬರುವವರಿಗೆ ಉಪ್ಪು ಹಾಕಿ ಬೇಯಿಸಿದ ಪುಟ್ಟ ಆಲೂಗಡ್ಡೆ ಒಳ್ಳೆಯದು, 100 ಗ್ರಾಂನಲ್ಲಿ 20 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇದೆ. ಕಡಲೆಕಾಯಿ ಚಿಕ್ಕಿ ರುಚಿಯೇನೋ ಹೌದು. ಕೊಬ್ಬು ಹೊಟ್ಟೆಯಲ್ಲಿ ನಿಧಾನ, ಒಣಗಿದ ಬಾಯಲ್ಲಿ ಅಗಿಯುವುದೂ ಕಷ್ಟ.

ಓಆರ್‌ಎಸ್ ಕುಡಿದರೆ ಸಾಕಲ್ಲವೇ ಅಂತ ಪ್ರತಿ ಸಲ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅದು ಬೇಧಿಗೆ ಮದ್ದು. ಉಪ್ಪು, ನೀರು ಸಿಗುತ್ತದೆ, ಊಟ ಸಿಗುವುದಿಲ್ಲ. ಬರೀ ನೀರನ್ನು ಲೀಟರುಗಟ್ಟಲೆ ಕುಡಿಯುವುದು ಇನ್ನೂ ಅಪಾಯ: ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಬಿಸಿಲು ನೋಡಿಕೊಂಡು ಗಂಟೆಗೆ 500ರಿಂದ 750 ಮಿ.ಲೀ. ಸಾಕು. ಹಸಿವಾದಾಗ ತಿನ್ನೋಣ ಅನ್ನಬೇಡಿ. ವಾಚಿನಲ್ಲಿ 20 ನಿಮಿಷಕ್ಕೊಮ್ಮೆ ಅಲಾರಂ ಇಡಿ, ಮೊದಲ ಗಂಟೆಯಿಂದಲೇ. ಮೈಕೈ ನೋವಿಗೆ ಐಬುಪ್ರೊಫೇನ್ ನುಂಗಿ ಹೊರಡುವವರಿದ್ದಾರೆ. ಮೈಯಲ್ಲಿ ನೀರು ಕಡಿಮೆಯಾದಾಗ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ದಯವಿಟ್ಟು ಬೇಡ.

ಬೆಳಗಿನ ತಿಂಡಿ ಹೊರಡುವುದಕ್ಕೆ ಮೂರು ಗಂಟೆ ಮೊದಲು. ಐದಾರು ಇಡ್ಲಿ, ಮೇಲೆ ಸಕ್ಕರೆಯೋ ಜೇನುತುಪ್ಪವೋ. ಮಸಾಲೆ ದೋಸೆ ರೇಸು ಮುಗಿದ ಮೇಲೆ. ದಿನಾ ಕಾಫಿ ಕುಡಿಯುವವರು ಕುಡಿಯಿರಿ, ಬಿಟ್ಟರೆ ಆ ದಿನವೇ ತಲೆನೋವು.

ಹೊರಡುವ ಗೆರೆಯಲ್ಲಿ ಹಿಂದಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿ. ಮುಂದೆ ನಿಂತರೆ ಎಲ್ಲರ ಜೊತೆ ಹಾರಿಬಿಡುತ್ತೀರಿ. ಮೊದಲ ಅರ್ಧ ಗಂಟೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವ ವೇಗ, ಅಷ್ಟೇ. ಜನ ದಾಟಿಕೊಂಡು ಹೋಗುತ್ತಾರೆ, ಹೋಗಲಿ. ಅರ್ಧದಷ್ಟು ಮಂದಿ ಮೂರನೇ ಗಂಟೆಯಲ್ಲಿ ಮತ್ತೆ ಸಿಗುತ್ತಾರೆ. ಆದರೆ ಆರಂಭದಲ್ಲೇ ಒಂಟಿ ಕಾಲುದಾರಿ ಬರುವುದಾದರೆ ಹಿಂದೆ ಬಿದ್ದು ಹತ್ತು ನಿಮಿಷ ಸಾಲಿನಲ್ಲಿ ಕಾಯಬೇಕಾಗುತ್ತದೆ, ಆಗ ಮಧ್ಯದಲ್ಲಿ ನಿಲ್ಲಿ. ನಕ್ಷೆ ನೋಡಿ ಅಂದದ್ದು ಇದಕ್ಕೂ ಸೇರಿ.

ಕಡಿದಾದ ಏರಿನಲ್ಲಿ ಇಳಿದು ತಳ್ಳುವುದಕ್ಕೆ ನಾಚಬೇಡಿ. ವೇಗ ಗಂಟೆಗೆ ಐದು ಕಿ.ಮೀ.ಗಿಂತ ಕೆಳಗಿಳಿದರೆ ತುಳಿದರೂ ತಳ್ಳಿದರೂ ಸಮಯ ಒಂದೇ, ತಳ್ಳಿದರೆ ಎದೆಬಡಿತ ಇಳಿಯುತ್ತದೆ, ಸೊಂಟ ಬಿಡಿಸಿಕೊಳ್ಳುತ್ತದೆ. ತುಳಿದು ಬರುವವರಿಗೆ ದಾರಿಯ ಒಳ್ಳೆಯ ಗೆರೆ ಬಿಟ್ಟುಕೊಟ್ಟು ಪಕ್ಕಕ್ಕೆ ತಳ್ಳಿ. ಹಿಂದಿನಿಂದ "ಬಲಕ್ಕೆ" ಅಂತ ಕೂಗಿದರೆ ಗಾಬರಿಯಿಂದ ತಿರುಗಬೇಡಿ, ನೇರ ಹೋಗುತ್ತಿರಿ, ಜಾಗ ಸಿಕ್ಕಾಗ ಎಡಕ್ಕೆ ಸರಿಯಿರಿ.

ಇಳಿಜಾರಿನಲ್ಲಿ ಪೆಡಲ್ ಎರಡೂ ಸಮತಲ, ಹಿಮ್ಮಡಿ ಕೆಳಗೆ, ಭಾರ ಪಾದದಲ್ಲಿ, ಬ್ರೇಕಿನ ಮೇಲೆ ಒಂದೊಂದೇ ಬೆರಳು. ತಿರುವಿನ ಒಳಗಲ್ಲ, ತಿರುವಿಗೆ ಮುಂಚೆ ಬ್ರೇಕ್. ಉದ್ದಕ್ಕೂ ಸವರಿ ಹಿಡಿದರೆ ಡಿಸ್ಕ್ ಕಾದು ಹಿಡಿತ ಬಿಡುತ್ತದೆ, ಮುಂಗೈಯೂ ಕಲ್ಲಾಗುತ್ತದೆ. ಗಟ್ಟಿಯಾಗಿ ಹಿಡಿದು, ಪೂರ್ತಿ ಬಿಟ್ಟು, ಮತ್ತೆ ಹಿಡಿಯಿರಿ. ಬೆರಳು ಜೋಮು ಹಿಡಿದರೆ ಸಮತಟ್ಟು ಬಂದಾಗ ಒಂದೊಂದೇ ಕೈ ಕೊಡವಿ.

ನೀರಿನ ಜಾಗಕ್ಕೆ ಬರುವ ಮೊದಲೇ ಖಾಲಿ ಬಾಟಲಿಯ ಮುಚ್ಚಳ ತೆಗೆದಿಟ್ಟುಕೊಳ್ಳಿ. ಸಕ್ಕರೆ-ಉಪ್ಪಿನ ಪುಡಿಯನ್ನು ಚಿಕ್ಕ ಜಿಪ್ ಕವರುಗಳಲ್ಲಿ ಒಂದೊಂದು ಬಾಟಲಿಗೆ ಆಗುವಷ್ಟು ಕಟ್ಟಿಟ್ಟಿದ್ದರೆ, ನೀರು ತುಂಬಿಸಿ, ಪುಡಿ ಸುರಿದು, ಬಾಳೆಹಣ್ಣು ಜೇಬಿಗಿಟ್ಟು ಹೊರಡಲು ಒಂದೂವರೆ ನಿಮಿಷ. ಕೂರಬೇಡಿ. ಕುರ್ಚಿ ಇದ್ದರೂ ನೋಡದ ಹಾಗೆ ಹೋಗಿ.

ಕೊನೆಯದಾಗಿ, ಬಿಡಬೇಕಾದ ಸಂದರ್ಭ. ಬಿಸಿಲಲ್ಲೂ ಮೈಯಲ್ಲಿ ರೋಮ ನಿಂತು ಚಳಿಯಾಗುತ್ತಿದೆ, ಬೆವರು ನಿಂತಿದೆ, ನೇರ ದಾರಿಯಲ್ಲೇ ಓಲಾಡುತ್ತಿದ್ದೀರಿ, ಯಾರೋ ಕೇಳಿದ್ದಕ್ಕೆ ಉತ್ತರ ತೋಚುತ್ತಿಲ್ಲ ಅಂದರೆ ಅಲ್ಲಿಗೆ ರೇಸು ಮುಗಿಯಿತು. ನೆರಳಿಗೆ ಹೋಗಿ, ಹೆಲ್ಮೆಟ್ ತೆಗೆದು, ತಲೆ, ಕುತ್ತಿಗೆ, ಕಂಕುಳಿಗೆ ನೀರು ಸುರಿದುಕೊಂಡು ಬರುವವರನ್ನು ನಿಲ್ಲಿಸಿ. ತಲೆಗೆ ಪೆಟ್ಟು ಬಿದ್ದಿದ್ದರೂ ಅಷ್ಟೇ, ಚೆನ್ನಾಗಿದ್ದೇನೆ ಅನಿಸಿದರೂ ಮತ್ತೆ ಹತ್ತಬೇಡಿ. ಕಟ್‌ಆಫ್ ತಪ್ಪಿದರೆ ಸಿಬ್ಬಂದಿ ಜೊತೆ ವಾದಕ್ಕೆ ನಿಲ್ಲಬೇಡಿ. ಯಾವ ಕಾರಣಕ್ಕೆ ಬಿಟ್ಟರೂ ಹತ್ತಿರದ ಸಿಬ್ಬಂದಿಗೆ ನಂಬರ್ ಹೇಳಿ, ಅವರು ಬರೆದುಕೊಂಡದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕಾರು ಹತ್ತಿ. ಹೇಳದೆ ಮನೆಗೆ ಹೋದ ಒಬ್ಬರಿಗಾಗಿ ಕತ್ತಲಾದ ಮೇಲೂ ಹತ್ತು ಜನ ಟಾರ್ಚ್ ಹಿಡಿದು ಕಾಡಿನಲ್ಲಿ ಹುಡುಕುತ್ತಿರುತ್ತಾರೆ.